ಡಬ್ಬಿ, ಗೆರೆ ಮತ್ತು ನಾನು ಹೆಸರು ಬರೆಯದ ಪಂಪು

ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಸಂಡಿಗೆ ಇಡುತ್ತಿದ್ದೆ. ಎರಡೂ ಕೈ ಮಣಿಕಟ್ಟಿನ ತನಕ ಹಿಟ್ಟು. ಅಷ್ಟರಲ್ಲಿ ಫೋನ್ ಬಂತು. ಕಾಗೆ ಓಡಿಸಲು ಕೋಲು ಹಿಡಿದು ನೆರಳಿಗೆ ಕೂತಿದ್ದ ಅತ್ತೆಯವರು ಕೋಲು ಬದಿಗಿಟ್ಟು, ಫೋನ್ ಎತ್ತಿ ನನ್ನ ಕಿವಿಗೆ ಹಿಡಿದರು.

"ಅಕ್ಕಾರ, ನಾ ರೇಣುಕಾರಿ. ಹಿಪ್ಪರಗಿ ಕಡೆ ಪಂಪ್‌ಹೌಸಿನ್ಯಾಗ ಅದೀನಿ. ಹೊಸಾ ಪ್ಯಾನಲ್ ಕೂಡಿಸಿ, ನಿಮ್ಮ ಹಳೇ ಹಾಳಿ ನೋಡಿ ಪ್ರೋಗ್ರಾಮಿನ ಚಿತ್ರಾ ತೆಗ್ಯಾಕತ್ತೇನಿ. ಮೊದಲನೇ ಡಬ್ಬಿಗೇ ನಿಂತ ಬಿಟ್ಟೇನ್ರಿ. 'ಮೊದಲು ಅವರು' ಅಂತ ಬರದೀರಲ್ಲ, ಅವರು ಅಂದ್ರ ಯಾರ್ರಿ?"

ನನ್ನ ಕೈ ಧೋತರದ ಮೇಲೆಯೇ ನಿಂತಿತು, ಒಂದು ಸಂಡಿಗೆ ರೊಟ್ಟಿಯಷ್ಟಾಯಿತು.

ರೇಣುಕಾ ಚಿಮ್ಮಡದ ಹುಡುಗಿ. ಡಿಪ್ಲೊಮಾ ಮುಗಿಸಿ, ನಾನು ಕೆಲಸ ಬಿಟ್ಟ ವರ್ಕ್‌ಶಾಪಿಗೇ ಸೇರಿದ್ದಳು, ಇನ್ನೂ ಖಾಯಂ ಆಗಿರಲಿಲ್ಲ. ಅದರ ಮಾಲೀಕರಾದ ಶ್ರೀಧರ ಸಾಹೇಬರು ಅವಳನ್ನು ಮೊದಲ ಸಲ ಒಬ್ಬಳನ್ನೇ ಸೈಟಿಗೆ ಕಳಿಸಿದ್ದರು. ಹೊತ್ತು ಮುಳುಗುವುದರೊಳಗೆ ಕಾಲುವೆಗೆ ನೀರು ಬಿದ್ದರೆ ಕೆಲಸ ಖಾಯಂ. ಬೀಳದಿದ್ದರೆ ಅವಳಿಗೂ ಕೆಲಸವಿಲ್ಲ, ಇನ್ನು ಮುಂದೆ ಹೆಣ್ಣುಮಕ್ಕಳನ್ನು ಒಬ್ಬರನ್ನೇ ಸೈಟಿಗೆ ಕಳಿಸುವುದೂ ಇಲ್ಲ ಎಂದು ಅವರು ಹೇಳಿಬಿಟ್ಟಿದ್ದರು. ಇದೆಲ್ಲ ಬೆಳಿಗ್ಗೆ ಬಸ್ಸಿನಿಂದಲೇ ಅವಳು ನನಗೆ ಫೋನ್ ಮಾಡಿ ಹೇಳಿದ್ದಳು. "ಶಿವಪ್ಪನ ಮ್ಯಾಲ ಭಾರ ಹಾಕಿ ಹೋಗವಾ" ಎಂದಿದ್ದೆ. ಶಿವಪ್ಪ ಆ ಭಾರವನ್ನು ತಿರುಗಿಸಿ ನನ್ನ ಮಾಳಿಗೆಯ ಮೇಲೆಯೇ ಇಳಿಸಿದ್ದ.

"ಒಂದ ಐದ ನಿಮಿಷ ತಡಿಯವಾ, ಕೈ ತೊಳಕೊಂಡ ಹೇಳ್ತೀನಿ" ಎಂದೆ. ಅದು ಕೈ ತೊಳೆಯಲು ಬೇಕಾದ ಸಮಯವಾಗಿರಲಿಲ್ಲ. ಯಾಕೆಂದು ತಿಳಿಯಲು ನನ್ನ ಕೆಲಸ ಎಂಥದಿತ್ತು ಎಂಬುದನ್ನು ಮೊದಲು ಹೇಳಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಕಲಿಯುವಂಥದ್ದು ಏನಾದರೂ ಇದ್ದರೆ ಅದು ನನ್ನ ತಪ್ಪುಗಳಲ್ಲಿಯೇ ಇದೆ, ಮತ್ತು ಅವುಗಳಿಗೆ ಬರವಿಲ್ಲ.

ನಮ್ಮ ವರ್ಕ್‌ಶಾಪು ರಬಕವಿಯಲ್ಲಿ, ಮಗ್ಗದ ಶೆಡ್ಡೊಂದರ ಮಗ್ಗುಲಲ್ಲಿತ್ತು. ಸಕ್ಕರೆ ಕಾರ್ಖಾನೆಗಳಿಗೆ, ಹೊಳೆ ದಂಡೆಯ ಪಂಪ್‌ಹೌಸುಗಳಿಗೆ ಕಂಟ್ರೋಲ್ ಪ್ಯಾನಲ್ ಮಾಡಿಕೊಡುತ್ತಿದ್ದರು. ಪ್ಯಾನಲ್ಲಿನ ಹೊಟ್ಟೆಯಲ್ಲಿ ಒಂದು ಸಣ್ಣ ಯಂತ್ರ ಕೂತಿರುತ್ತದೆ. ಯಾವಾಗ ಏನು ಮಾಡಬೇಕೆಂದು ಅದಕ್ಕೆ ಕಲಿಸಬೇಕು. ನಮ್ಮ ಹುಡುಗರು ಅದನ್ನು ಅಕ್ಷರದಲ್ಲಿ ಬರೆಯುತ್ತಿರಲಿಲ್ಲ, ಕಂಪ್ಯೂಟರಿನ ಮೇಲೆ ಚಿತ್ರ ಬಿಡಿಸುತ್ತಿದ್ದರು. ಒಂದು ಡಬ್ಬಿ ಎಂದರೆ ಒಂದು ಕೆಲಸ. ಡಬ್ಬಿಯಿಂದ ಡಬ್ಬಿಗೆ ಗೆರೆ ಎಳೆದರೆ, ಇದಾದ ಮೇಲೆ ಅದು ಎಂದರ್ಥ. ಆ ಚಿತ್ರವೇ ಪ್ರೋಗ್ರಾಮು. ಬಿಡಿಸಿದವನಿಗೆ ಅದು ಅಂಗೈ ಗೆರೆಯಷ್ಟು ಸರಳ. ಆರು ತಿಂಗಳ ಮೇಲೆ ಅವನಿಗೇ ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಡಬ್ಬಿಯ ಕೆಳಗೆ ಅದು ಏನು, ಅಲ್ಲಿ ಯಾಕಿದೆ ಎಂದು ಕನ್ನಡದಲ್ಲಿ ಟಿಪ್ಪಣಿ ಬರೆದು, ಹಾಳೆಯ ಮೇಲೆ ಪ್ರಿಂಟ್ ತೆಗೆದು, ಪ್ಯಾನಲ್ಲಿನ ಬಾಗಿಲಿನ ಒಳಗಡೆ ಸಿಕ್ಕಿಸುವಂತೆ ಫೈಲು ಮಾಡಿಕೊಡುವುದು ನನ್ನ ಕೆಲಸ.

ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊಸದರಲ್ಲಿ ಸೇರಿದೆ. ಸಾಹೇಬರ ಹೆಂಡತಿ ನಮ್ಮ ಸೋಮವಾರದ ಭಜನೆಗೆ ಬರುತ್ತಿದ್ದಳು. ನಾನು ಭಜನೆಯ ಪದ ಬರೆದುಕೊಟ್ಟ ಹಾಳೆಗಳು ಅವರ ಮನೆಗೆ ಹೋಗಿ, ಸಾಹೇಬರು ಅಕ್ಷರ ನೋಡಿ ಕರೆದರು. ಮದುವೆಗೆ ಮೊದಲು ಜಮಖಂಡಿಯಲ್ಲಿ ಟೈಪಿಂಗ್ ಕಲಿತಿದ್ದೆ. ಅತ್ತೆಯವರು "ಕುಂತು ಮಾಡೂ ಕೆಲಸ ಅಂದ್ರ ಹೋಗ್ಲಿ ಬಿಡು" ಎಂದರು. ನನಗೆ ಬೇರೆ ಯಾವ ಅರ್ಹತೆಯೂ ಇರಲಿಲ್ಲ ಎಂಬುದು ಸಾಹೇಬರಿಗೆ ಮೊದಲ ದಿನವೇ ಗೊತ್ತಾಯಿತು.

ಆ ದಿನ ಒಬ್ಬ ಹುಡುಗ ಪ್ರೋಗ್ರಾಮು ಚಾಲೂ ಮಾಡಿ ಚಹಾಕ್ಕೆ ಹೋಗಿದ್ದ. ನಾನು ನೋಡುತ್ತಿರುವಂತೆಯೇ ಒಂದೊಂದೇ ಗೆರೆ ಕೆಂಪಾಗುತ್ತ ಬಂತು. ಕೆಲಸ ನಡೆಯುತ್ತಿರುವ ಗೆರೆಗೆ ಬಣ್ಣ ಬರುತ್ತದೆಂದು ನನಗೇನು ಗೊತ್ತು? ವೈರು ಸುಡುತ್ತಿದೆ ಎಂದುಕೊಂಡು, ದೇವರ ಹೆಸರು ಹೇಳಿ, ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತುಹಾಕಿದೆ. ಹುಡುಗ ಬೆಳಗಿನಿಂದ ಬಿಡಿಸಿದ್ದ ಚಿತ್ರವೂ ಹೋಯಿತು. ಪಾಪ, ಅವನು ಬೈಯಲಿಲ್ಲ. ಮರುದಿನದಿಂದ ಚಹಾವನ್ನು ಟೇಬಲ್ಲಿಗೇ ತರಿಸಿಕೊಂಡ.

ಮೊದಲ ವಾರದ ನನ್ನ ಟಿಪ್ಪಣಿಗಳು ಹೀಗಿದ್ದವು: "ಇದು ಸ್ವಿಚ್ಚಿನ ಡಬ್ಬಿ. ಇದರಿಂದ ಗೆರೆ ಮೋಟಾರಿನ ಡಬ್ಬಿಗೆ ಹೋಗುತ್ತದೆ." ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಸಾಹೇಬರು ಹಾಳೆ ತೆಗೆದುಕೊಂಡು, ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚಿದರು. ಟಿಪ್ಪಣಿ ಓದಿದರು. ಆಮೇಲೆ ಟಿಪ್ಪಣಿ ಮುಚ್ಚಿ ಚಿತ್ರ ನೋಡಿದರು.

"ಅಕ್ಕಾರ, ಎರಡರಾಗೂ ಒಂದ ಸುದ್ದಿ ಐತಿ. ಕಣ್ಣಿಗೆ ಕಾಣೂದನ್ನ ಯಾಕ ಬರೀತೀರಿ? ಕಾಣಲಾರದ್ದನ್ನ ಬರೀರಿ."

"ಕಾಣಲಾರದ್ದು ನನಗೂ ಕಾಣಾಂಗಿಲ್ಲಲ್ರಿ ಸಾಹೇಬ್ರ."

"ಅದಕ್ಕ ಬಾಯಿ ಕೊಟ್ಟಾನ ದೇವರು. ಬಿಡಿಸಿದವನ್ನ ಕೇಳ್ರಿ."

ಅಂದಿನಿಂದ ಕೇಳುತ್ತ ಹೋದೆ. ಇಲ್ಲಿ ಈ ಡಬ್ಬಿ ಯಾಕೆ? ಇದನ್ನು ತೆಗೆದರೆ ಏನಾಗುತ್ತದೆ? ಹುಡುಗರು ನನ್ನನ್ನು ಕಂಡರೆ ಎದ್ದು ಹೊರಗೆ ಹೋಗುವಷ್ಟು ಕೇಳಿದೆ. ಕೇಳಿದ್ದನ್ನೆಲ್ಲ ಬರೆಯತೊಡಗಿದ್ದರಿಂದ ಟಿಪ್ಪಣಿಯೇ ಉದ್ದವಾಗಿ ಚಿತ್ರ ಕಾಣದಂತಾಯಿತು. ಸಾಹೇಬರು ಈ ಸಲ ಅಂಗೈ ಇಡಬೇಕಾಗಲೇ ಇಲ್ಲ.

ಇನ್ನೊಂದು ಹೇಳಿದರೆ ನಗುತ್ತೀರಿ. ಏನು ಬರೆದರೂ ಮೇಲೆ "ಓಂ ನಮಃ ಶಿವಾಯ" ಹಾಕದೆ ನನ್ನ ಕೈ ಮುಂದೆ ಸಾಗುವುದಿಲ್ಲ. ಕಂಪ್ಯೂಟರಿನಲ್ಲಿ ಫೈಲಿಗೆ ಹೆಸರು ಕೊಡು ಎಂದಾಗಲೂ ಇಂಗ್ಲಿಷ್ ಅಕ್ಷರದಲ್ಲಿ ಮೊದಲು ಅದನ್ನೇ ಬರೆದು, ಆಮೇಲೆ ಕಾರ್ಖಾನೆಯ ಹೆಸರು ಬರೆಯುತ್ತಿದ್ದೆ. ಆಗಿನ ಕಂಪ್ಯೂಟರು ಕೆಲವು ಕಡೆ ಹೆಸರಿನ ಮೊದಲ ಕೆಲವು ಅಕ್ಷರಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ನುಂಗುತ್ತಿತ್ತು. ಒಂದು ದಿನ ಸಮೀರವಾಡಿ ಕಡೆಗೆ ಹೊರಟಿದ್ದ ಸಾಹೇಬರು ಫ್ಲಾಪಿ ಹಾಕಿ ನೋಡಿದರೆ, ಮೇಲಿನಿಂದ ಕೆಳಗಿನ ತನಕ ಬರೀ ಓಂ ನಮ, ಓಂ ನಮ, ಓಂ ನಮ.

"ಅಕ್ಕಾರ, ದೇವರು ಎಲ್ಲಾ ಕಡೆ ಅದಾನ, ಖರೆ. ಸಕ್ಕರಿ ಫ್ಯಾಕ್ಟರಿ ಎಲ್ಲೈತಿ?"

ಒಂದೊಂದೇ ತೆರೆದು ನೋಡಿ ಹುಡುಕಿಕೊಟ್ಟೆ. ಅಷ್ಟು ಸಲ ಶಿವನಾಮ ಕಣ್ಣಿಗೆ ಬಿತ್ತಲ್ಲ, ಅದೇ ಲಾಭ ಎಂದು ಸಮಾಧಾನ ಮಾಡಿಕೊಂಡೆ. ಆಮೇಲಿಂದ ಆ ಹೆಸರನ್ನು ಮನಸ್ಸಿನಲ್ಲೇ ಹೇಳಿ ಫೈಲಿಗೆ ಊರಿನ ಹೆಸರು ಕೊಡತೊಡಗಿದೆ.

ಸಕ್ಕರೆ ಕಾರ್ಖಾನೆಯ ಹಾಳೆಗಳಲ್ಲಿ ಅಡಿಗೆಮನೆ ನುಗ್ಗಿಬಿಡುತ್ತಿತ್ತು. ರಸ ಗಟ್ಟಿಯಾಗುವಾಗ ಉಗಿಯ ವಾಲ್ವ್ ತಿರುಗಿಸುವ ಡಬ್ಬಿಯ ಕೆಳಗೆ "ಪಾಕ ಒಂದೆಳೆ ಬಂದಾಗ ಉರಿ ಸಣ್ಣ ಮಾಡುತ್ತದೆ" ಎಂದು ಬರೆದಿದ್ದೆ. ಮುಧೋಳ ಕಡೆಯ ಕಾರ್ಖಾನೆಯ ಕೆಮಿಸ್ಟ್ ಒಬ್ಬರು ಫೋನ್ ಮಾಡಿ, "ಬಾಯಾರ, ಮುಂದಿನ ಹಾಳಿ ಕಳಸೂ ಮುಂದ ಒಂದ ಡಬ್ಬಿ ಬುಂದೇ ಲಾಡೂನೂ ಕಳಸ್ರಿ" ಎಂದರು. ಎಷ್ಟು ಗಟ್ಟಿ, ಎಷ್ಟು ಬಿಸಿ ಎಂದು ಅವರಿಂದಲೇ ಕೇಳಿ ತಿದ್ದಿದೆ. ಲಾಡು ಮಾತ್ರ ಕಳಿಸಿದೆ, ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿಯದು.

ಮೊದಮೊದಲು ಆ ಪ್ರೋಗ್ರಾಮಿನೊಳಗೆ ಕನ್ನಡ ಇಳಿಯುತ್ತಲೇ ಇರಲಿಲ್ಲ. ಚಿತ್ರದ ಹಾಳೆ ತೆಗೆದು, ಪೆನ್ನಿನಿಂದ ಚೀಟಿ ಬರೆದು, ಗೋಂದು ಹಚ್ಚಿ ಅಂಟಿಸುತ್ತಿದ್ದೆ. ಆಮೇಲೆ ಕನ್ನಡದ ಅಕ್ಷರ ಬಂದವು. ಆದರೆ ನಮ್ಮ ಕಂಪ್ಯೂಟರಿನಲ್ಲಿ ಕನ್ನಡವಾಗಿದ್ದದ್ದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಇರುವೆ ಸಾಲಾಗುತ್ತಿತ್ತು. ಯಾವ ಕಂಪ್ಯೂಟರಿಗೆ ಹೋದರೂ ಕನ್ನಡ ಕನ್ನಡವಾಗಿಯೇ ಇರುವ ಕಾಲ ಬರುವಷ್ಟರಲ್ಲಿ ನನ್ನ ಕಣ್ಣಿಗೆ ಕನ್ನಡಕ ಬಂದಿತ್ತು. ಈಗಿನವರು ಡಬ್ಬಿಯೊಳಗೇ ಟಿಪ್ಪಣಿ ಬರೆಯುತ್ತಾರೆ. ಗೋಂದಿನ ವಾಸನೆ ಇಲ್ಲ, ಅದೊಂದು ಪುಣ್ಯ.

ಇನ್ನು 'ಅವರು'.

ಹಿಪ್ಪರಗಿ ಕಡೆಯ ಒಂದು ಊರಿನ ರೈತರು ಕೂಡಿ, ಕಮಿಟಿ ಮಾಡಿ, ಹೊಳೆಯಿಂದ ನೀರೆತ್ತುವ ಪಂಪ್‌ಹೌಸು ಕಟ್ಟಿಕೊಂಡಿದ್ದರು. ಆಗ ಮೂರು ಪಂಪು. ನಮ್ಮ ಹುಡುಗರು ನಕ್ಷೆಯಲ್ಲಿ ಹೊಳೆಯ ಕಡೆಯಿಂದ ಒಂದು, ಎರಡು, ಮೂರು ಎಂದು ಎಣಿಸಿದ್ದರು. ಅಲ್ಲಿನವರು ಬಾಗಿಲ ಕಡೆಯಿಂದ ಎಣಿಸುತ್ತಿದ್ದರು. ಗದ್ದಲವಾಗಬಾರದೆಂದು ಸಾಹೇಬರು, ರೈತರು ಆ ಪಂಪುಗಳಿಗೆ ಪೂಜೆ ಮಾಡಿ ಇಟ್ಟ ಹೆಸರನ್ನೇ ಟಿಪ್ಪಣಿಯಲ್ಲಿ ಬರೆಯಿರಿ ಎಂದರು. ಒಂದು ಬೀರ. ಇನ್ನೊಂದು ಬಸವ. ಮೂರನೆಯದಕ್ಕೆ ಇಟ್ಟದ್ದು ನನ್ನ ಯಜಮಾನರ ಹೆಸರು.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಹೇಳಿದವಳೇ ಅಲ್ಲ. ಭಜನೆಯಲ್ಲಿ ಆ ಹೆಸರು ಬಂದರೆ ತುಟಿಯಷ್ಟೇ ಅಲ್ಲಾಡಿಸಿ, ದೇವರನ್ನು ಶಿವಪ್ಪ ಎಂದು ಕರೆದು ಸಾಗಿಸಿದವಳು. ಅದನ್ನು ಪಂಪಿನ ಕೆಳಗೆ ಬರೆಯಲು ಕೈ ಏಳಲಿಲ್ಲ. ಅದೂ 'ಚಾಲೂ ಆಗುತ್ತದೆ, ಬಂದ್ ಆಗುತ್ತದೆ' ಎಂದು! ಬಹಳ ಯೋಚಿಸಿ ಬರೆದೆ: "ಮೊದಲು ಅವರು. ಅವರದಾದ ಮೇಲೆ ಬೀರ, ಆಮೇಲೆ ಬಸವ. ಅವರ ನೀರು ತುಂಬಿದ ಹೊರತು ಇವೆರಡಕ್ಕೆ ಜೀವವಿಲ್ಲ."

ಅರ್ಥವೇನೆಂದರೆ, ಆ ಪಂಪು ತಗ್ಗಿನಲ್ಲಿ ಕೂತಿದೆ, ಅದಕ್ಕೆ ಹೊಳೆ ನೀರು ತಾನಾಗಿ ಸಿಗುತ್ತದೆ. ಅದು ಮೊದಲು ತಿರುಗಿ ಉಳಿದವುಗಳ ಪೈಪು ತುಂಬಿಸಬೇಕು. ಬೇರೆ ಪಂಪು ಮೊದಲು ತಿರುಗಿದರೆ ಒಳಗೆ ನೀರಿಲ್ಲದೆ, ಸೋರದಂತೆ ಹಿಡಿಯುವ ಅದರ ಸೀಲು ಸುಡುತ್ತದೆ. ಸಾಹೇಬರು ಹಾಳೆ ಓದಿ ನಕ್ಕರು. ಹುಡುಗರೂ ನಕ್ಕರು. ಆ ಕೋಣೆಯಲ್ಲಿದ್ದ ಎಲ್ಲರಿಗೂ 'ಅವರು' ಯಾರೆಂದು ಗೊತ್ತಿತ್ತು. ಹಾಗಾಗಿ ಯಾರೂ ತಿದ್ದಲಿಲ್ಲ. ಹಾಳೆ ಪಂಪ್‌ಹೌಸಿಗೆ ಹೋಯಿತು. ನಾನು ಹೋಗಲಿಲ್ಲ, ಆ ಜಾಗವನ್ನು ಇಂದಿಗೂ ನೋಡಿಲ್ಲ.

ಈಗ ಮಾಳಿಗೆಗೆ ಬನ್ನಿ. ಕೈ ತೊಳೆದುಕೊಂಡು ಬಂದರೂ ಹೇಗೆ ಹೇಳುವುದೆಂದು ತೋಚದೆ ಮತ್ತೆ ಸಂಡಿಗೆ ಇಡುವಷ್ಟರಲ್ಲಿ ರೇಣುಕಾಳ ಫೋನ್ ಬಂತು. ಮತ್ತೆ ಹಿಟ್ಟಿನ ಕೈ, ಮತ್ತೆ ಅತ್ತೆಯವರೇ ಫೋನ್ ಹಿಡಿದರು. ಈ ಸಲ ಅವಳು ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಿದ್ದಳು. ಪಕ್ಕದಲ್ಲಿ ಪಂಪ್‌ಹೌಸು ನೋಡಿಕೊಳ್ಳುವ ಸಿದ್ದಪ್ಪ ಇದ್ದ.

"ಅಕ್ಕಾರ, ಇವರು ಏನ ಹೇಳಾಕತ್ತಾರ ಕೇಳ್ರಿ. ಅವರು ಅಂದ್ರ ಕಮಿಟಿ ಅಧ್ಯಕ್ಷರಂತ!"

"ಹೌದಲ್ರೀ ಬಾಯಾರ" ಎಂದ ಸಿದ್ದಪ್ಪ. "ನೀವ ಬರದೀರಿ, ಮೊದಲು ಅವರು, ಅವರ ನೀರು ಅಂತ. ನಾವು ಹಂಗ ನಡಕೊಂಡ ಬಂದೇವ್ರಿ. ಅಧ್ಯಕ್ಷರು ಒಂದ ತಂಬಿಗಿ ಹೊಳಿ ನೀರ ತಂದು ಪಂಪಿನ ಮುಂದ ಹಾಕಿ, ಕೈ ಮುಗದು, ತಾವ ಬಟನ್ ಒತ್ತತಾರ. ಇವತ್ತಿನ ತನಕ ಒಂದ ಸೀಲ ಸುಟ್ಟಿಲ್ಲ ನೋಡ್ರಿ."

ಬಟನ್ ಯಾರು ಒತ್ತಿದರೂ ಒಳಗಿನ ಪ್ರೋಗ್ರಾಮು ಸರಿಯಾದ ಪಂಪನ್ನೇ ಮೊದಲು ತಿರುಗಿಸುತ್ತಿತ್ತು. ಪುಣ್ಯ ತಂಬಿಗೆಗೆ ಹೋಗಿತ್ತು. ಇಷ್ಟು ವರ್ಷ ಒಬ್ಬ ದೊಡ್ಡ ಮನುಷ್ಯನನ್ನು ನನ್ನ ಒಂದು ಸಾಲು ಹೊಳೆಗೆ ಅಟ್ಟುತ್ತಿತ್ತಲ್ಲ ಎಂದು ನಗು ಬಂತು. ನಗುವ ಹೊತ್ತಾಗಿರಲಿಲ್ಲ.

"ಅಧ್ಯಕ್ಷರು ಜಮಖಂಡಿಗೆ ನಿಶ್ಚಯಕ್ಕ ಹೋಗ್ಯಾರಂತ್ರಿ, ಫೋನ್ ಹತ್ತವಲ್ದು" ಎಂದಳು ರೇಣುಕಾ. ದನಿ ತೆಳ್ಳಗಾಗಿತ್ತು. "ಹಳೇ ಕಂಪ್ಯೂಟರ್ ಕೆಟ್ಟ ಹೋಗೇತಿ, ನಿಮ್ಮ ಹಾಳಿ ಒಂದ ಉಳದೈತಿ. ನಾ ಆ ಮೊದಲನೇ ಡಬ್ಬಿ ಪೂಜಾದ್ದು ಅಂತ ತಗದು, ಬೀರದಿಂದ ಚಾಲೂ ಮಾಡ್ಲೇನ್ರಿ?"

"ಬ್ಯಾಡ! ಬ್ಯಾಡವಾ! ಬೀರ ಮೊದಲ ತಿರುಗಿದ್ರ ಸುಡತೈತಿ. ಅವರು ಅಂದ್ರ ಅಧ್ಯಕ್ಷರಲ್ಲ. ತಗ್ಗಿನ್ಯಾಗಿನ ಪಂಪು."

"ಪಂಪಿಗೆ ಯಾರರೆ ಅವರು ಅಂತಾರೇನ್ರಿ?" ಎಂದ ಸಿದ್ದಪ್ಪ. "ಯಾವ ಪಂಪ್ರಿ? ಈಗ ಐದ ಅದಾವ, ತಗ್ಗಿನ್ಯಾಗ ಎರಡ, ಯಾವುದು ಮೊದಲ ತಿರುಗತೈತಿ ಅಂತ ಸಪ್ಪಳದಾಗ ತಿಳಿಯಂಗಿಲ್ಲ. ಬಣ್ಣ ಬಳದು ಹೆಸರ ಮುಚ್ಚ್ಯಾರ. ಪೈಪೆಲ್ಲ ನೆಲದಾಗ ಹುಗದಾವ. ಹೆಸರ ಹೇಳ್ರಿ, ಕಣ್ಣ ಮುಚ್ಚಿ ತೋರಸ್ತೀನಿ."

ನಾನು ಅತ್ತೆಯವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಮಗನ ಹೆಸರು ತಾಯಿ ಹೇಳಬಹುದಲ್ಲ ಎನ್ನುತ್ತೀರಿ. ನನ್ನ ಯಜಮಾನರಿಗೆ ಇಟ್ಟದ್ದು ಅವರ ಅಜ್ಜನ ಹೆಸರು, ಅಂದರೆ ಅತ್ತೆಯವರಿಗೆ ಮಾವನ ಹೆಸರು. ಅವರೂ ಅದನ್ನು ಬಾಯಿಂದ ಆಡಿದವರಲ್ಲ. ಮಗನನ್ನು ಹುಟ್ಟಿದಾಗಿನಿಂದ ಅಪ್ಪೂ ಎಂದೇ ಕರೆದವರು. ಅಲ್ಲಿಗೆ ಮಾಳಿಗೆಯ ಮೇಲೆ ಇಬ್ಬರು ಹೆಂಗಸರು, ಇಬ್ಬರ ಬಾಯಿಗೂ ಬೀಗ.

"ನಮ್ಮ ಮನಿಯವರ ಹೆಸರಿನ ಪಂಪ್ರಿ" ಎಂದೆ.

"ನಿಮ್ಮ ಮನಿಯವರ ಹೆಸರ ನನಗೇನ ಗೊತ್ರಿ?"

"ಹಂಗಾರ ನೀವ ಐದೂ ಹೆಸರ ಹೇಳ್ಕೋತ ಹೋಗ್ರಿ. ಬಂದಲ್ಲಿ ನಾ ಹೂಂ ಅಂತೀನಿ."

"ಹೂಂ ಅಂದ್ರ ಆಗಂಗಿಲ್ರಿ ಬಾಯಾರ. ಫೋನಿನ್ಯಾಗ ಗಾಳಿ ಬಂದ್ರೂ ಹೂಂ ಅಂದಂಗ ಕೇಳಸ್ತೈತಿ. ನಾಳಿ ಸುಟ್ಟರ ಊರ ಮಂದಿ ನನ್ನ ಹಿಡೀತಾರ. ಬರದವರು ಹೆಸರ ಹಿಡದು ಹೇಳ್ಬೇಕು, ಅಷ್ಟ."

ಅವನ ಮಾತು ತಪ್ಪಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

"ಅಕ್ಕಾರ, ಕಮಿಟಿ ಮಂದಿ ಬಾಗಲದಾಗ ನಿಂತಾರ್ರಿ" ಎಂದು ರೇಣುಕಾ ಸಣ್ಣ ದನಿಯಲ್ಲಿ ಹೇಳಿದಳು. "ಹೊತ್ತ ಇಳಿಯಾಕತ್ತೈತಿ. ಸಾಹೇಬ್ರನ್ನ ಕೇಳಿದ್ರ ನನ್ನ ಪರೀಕ್ಷಾ ಇಲ್ಲೇ ಮುಗೀತ್ರಿ."

ನಾನು ಮಾಳಿಗೆಯ ಅಂಚಿಗೆ ಹೋಗಿ ಕೆಳಗೆ ಬಾಗಿ, "ಏನ್ರೀ, ಮ್ಯಾಲ ಬರ್ರಿ ಲಗೂನ!" ಎಂದು ಕೂಗಿದೆ. ಯಜಮಾನರು ಪೇಪರ್ ಮಡಚಿಕೊಂಡು, ಕಾಗೆ ಸಂಡಿಗೆ ಒಯ್ದಿತೇ ಎನ್ನುತ್ತ ಮೆಟ್ಟಿಲು ಹತ್ತಿ ಬಂದರು.

"ಈ ಫೋನಿನ್ಯಾಗ ನಿಮ್ಮ ಹೆಸರ ಹೇಳ್ರಿ" ಎಂದೆ.

"ಯಾಕ, ನಾ ಏನ ಮಾಡೇನಿ?"

ಸಂಗತಿ ಹೇಳಿದೆ. ಅವರಿಗೆ ಸಂತೋಷವಾದದ್ದು ಮೀಸೆಯಲ್ಲೇ ಕಂಡಿತು. "ಇಷ್ಟ ವರ್ಷ ನನ್ನ ಪಂಪ್ ಮಾಡಿ ಇಟ್ಟೀಯಾ? ಒಳಗ ನಾಲ್ಕ ಮಂದಿ ಹೊಟ್ಟಿ ತುಂಬಿಸಾಕ ಹಚ್ಚೀಯಾ? ಬರದಾಕಿ ನೀನು. ನೀನ ಹೇಳು."

"ಹೌದ್ರಿ, ಗಂಡಸರ ದನಿ ಬ್ಯಾಡ್ರಿ, ಬರದವರ ಹೇಳ್ಲಿ" ಎಂದ ಸಿದ್ದಪ್ಪ ಆ ಕಡೆಯಿಂದ.

ಅತ್ತೆಯವರು ಇನ್ನೂ ಫೋನ್ ಹಿಡಿದೇ ನಿಂತಿದ್ದರು. ಅವರು ಬೇಡವೆಂದರೆ ನಾನು ಹೇಳುವವಳಲ್ಲ. ಅವರು ಬಲಗೈಯಿಂದ ಎಡಗೈಗೆ ಫೋನ್ ಬದಲಿಸಿಕೊಂಡು, "ಹೇಳಿ ಬಿಡವಾ ತಾಯಿ" ಎಂದರು. "ಆ ಹುಡುಗಿ ಅಳೂಹಂಗ ಆಗ್ಯಾಳ. ನನ್ನ ಕೈನೂ ನೋಯಾಕತ್ತೈತಿ."

ಕಣ್ಣು ಮುಚ್ಚಿದೆ. ಶಿವಪ್ಪನನ್ನು ನೆನೆದೆ. ಇಷ್ಟು ವರ್ಷ ನಿನ್ನನ್ನೂ ಬೇರೆ ಹೆಸರಿನಿಂದಲೇ ಕರೆದೆನಲ್ಲಪ್ಪ ಎಂದುಕೊಂಡೆ. ಮೆಲ್ಲಗೆ ಹೇಳಿದರೆ ಮತ್ತೆ ಗಾಳಿ ಎಂದಾನೆಂದು ಗಟ್ಟಿಯಾಗಿಯೇ ಅಂದೆ.

"ಮಾದೇವ!"

"ಓ" ಎಂದರು ನನ್ನ ಯಜಮಾನರು.

"ನಿನ್ನಲ್ಲೋ ಅಪ್ಪೂ, ಪಂಪಿಗೆ ಕರದಾಳ" ಎಂದರು ಅತ್ತೆಯವರು.

ಆ ಕಡೆ ಸಿದ್ದಪ್ಪ ಇದನ್ನೆಲ್ಲ ಕೇಳಿಸಿಕೊಂಡು, "ಮಾದೇವ ಪಂಪೇನ್ರಿ? ಮೊದಲ ಹೇಳೂದಲ್ಲೇನ್ರಿ! ಬಾರವಾ ತಂಗಿ, ಆ ಮೂಲ್ಯಾಗಿಂದು, ತಗ್ಗಿನ್ಯಾಗಿಂದು" ಎಂದು ನಡೆದುಬಿಟ್ಟ. ಫೋನ್ ಕಟ್ಟಾಯಿತು.

ಸಂಡಿಗೆ ಮುಗಿಸಿದೆ. ಕೊನೆಯ ಸಾಲುಗಳು ಓರೆಕೋರೆಯಾದವು. ಕೆಳಗಿಳಿದು ಚಹಾ ಮಾಡಿದೆ, ಸಕ್ಕರೆ ಮರೆತೆ. ಯಜಮಾನರು ಬಾಯಿಗೆ ಇಟ್ಟು, "ಪಂಪಿಗೆ ಸಕ್ಕರಿ ಬೇಕಾಗೂದಿಲ್ಲ ಬಿಡು" ಎಂದರು. ಹೊತ್ತು ಹೊಸ್ತಿಲಿಗೆ ಬಂದರೂ ಫೋನಿಲ್ಲ. ಹೆಸರು ಹೇಳಿದ್ದಾಯಿತು, ಪೈಪು ಈಗಲೂ ಹಾಗೆಯೇ ಇದೆಯೋ ಇಲ್ಲವೋ, ಇಷ್ಟು ವರ್ಷಗಳಲ್ಲಿ ಯಾರು ಏನು ಬದಲಿಸಿದ್ದಾರೋ. ಸುಟ್ಟರೆ ಆ ಹುಡುಗಿಯ ಗತಿ? ದೇವರ ಮುಂದೆ ಹೋಗಿ ನಿಂತೆ. ಏನು ಬೇಡಿಕೊಳ್ಳಬೇಕೆಂದು ತಿಳಿಯದೆ, ಐದೂ ಪಂಪುಗಳನ್ನು ಕಾಪಾಡಪ್ಪ ಎಂದೆ.

ದೀಪ ಹಚ್ಚುವ ಮೊದಲೇ ಫೋನ್ ಬಂತು. ಮಾತು ಕೇಳಲಿಲ್ಲ, ಬರೀ ನೀರಿನ ಸಪ್ಪಳ. ಆಮೇಲೆ ಅದರ ಮೇಲೆ ಕೂಗಿ ರೇಣುಕಾ ಹೇಳಿದಳು.

"ನೀರ ಬಿತ್ರೀ ಅಕ್ಕಾರ! ಮೊದಲ ಅದು ತಿರುಗಿ, ಪೈಪ್ ತುಂಬಿ, ಆಮ್ಯಾಲ ಒಂದೊಂದ, ಐದೂ ಚಾಲೂ ಅದಾವ! ಸಾಹೇಬ್ರು ಫೋನ್ ಮಾಡಿದ್ರು. ಸೋಮವಾರ ಬಾ, ಖಾಯಂ ಕಾಗದ ಒಯ್ಯಿ ಅಂದ್ರು. ಮುಂದಿನ ವಾರ ಬೀಳಗಿ ಸೈಟೂ ನನಗ ಅಂತ್ರಿ, ಒಬ್ಬಾಕಿಗೆ!"

ಹಿಂದಿನಿಂದ ಸಿದ್ದಪ್ಪ ಕೇಳಿದ, "ಬಾಯಾರ, ಅಧ್ಯಕ್ಷರಿಗೆ ಏನ ಹೇಳ್ಲಿ? ತಂಬಿಗಿ ಬಿಡಬೇಕೋ?"

"ಗಂಗವ್ವಗ ಕೈ ಮುಗದ್ರ ಪ್ರೋಗ್ರಾಮ್ ಕೆಡಾಂಗಿಲ್ಲ. ಇರ್ಲಿ ಬಿಡ್ರಿ" ಎಂದೆ.

ಹೊಸಬರಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಒಂದೇ ಮಾತು. ಟಿಪ್ಪಣಿ ಬರೆಯುವಾಗ ನಿಮ್ಮ ಕೋಣೆಯಲ್ಲಿ ಕೂತವರು ತಲೆಯಾಡಿಸಿದರೆಂದು ನಂಬಬೇಡಿ. ಅದನ್ನು ಓದುವಾಕೆ ಇನ್ನೂ ಸಾಲೆಗೆ ಹೋಗುತ್ತಿರಬಹುದು, ನಿಮ್ಮ ಮನೆ, ನಿಮ್ಮ ಗಂಡ, ನಿಮ್ಮ ಸಂಕೋಚ ಏನೂ ಗೊತ್ತಿಲ್ಲದೆ, ಕಮಿಟಿಯವರನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಓದುತ್ತಾಳೆ.

ಫೋನ್ ಇಡುವ ಮೊದಲು ರೇಣುಕಾ, ಮೊದಲನೇ ಡಬ್ಬಿಗೆ ತಾನು ಹೊಸದಾಗಿ ಬರೆದದ್ದನ್ನು ಓದಿ ತೋರಿಸಿದಳು: "ಮೊದಲು ಮಾದೇವ ಪಂಪು, ಮೂಲೆಯ ತಗ್ಗಿನಲ್ಲಿರುವುದು. ಇದರ ನೀರು ಉಳಿದ ನಾಲ್ಕರ ಪೈಪು ತುಂಬಿಸುತ್ತದೆ. ತುಂಬುವ ಮೊದಲು ಬೇರೆ ಯಾವುದು ತಿರುಗಿದರೂ ಸೀಲು ಸುಡುತ್ತದೆ."

ನಾನು ಮೂರು ಸಾಲಿನಲ್ಲಿ ಹೇಳಲಾರದ್ದನ್ನು ಅವಳೂ ಮೂರೇ ಸಾಲಿನಲ್ಲಿ ಹೇಳಿದ್ದಳು. ತಿದ್ದಲು ಏನೂ ಇರಲಿಲ್ಲ. "ಛಲೋ ಬರದೀಯವಾ, ಕತ್ತಲಾಗೂದ್ರಾಗ ಬಸ್ ಹಿಡಿ" ಎಂದೆ.

ಫೋನ್ ಅತ್ತೆಯವರ ಕೈಗೆ ಕೊಟ್ಟು, ಹುಣಸೆಹಣ್ಣು ನೆನೆಸಿ, ದೇವರ ಸಾಮಾನು ತಿಕ್ಕಲು ಬಚ್ಚಲಿಗೆ ಹೋದೆ.